ಹದಿನಾಲ್ಕನೇ ಹೋಲಿನ ಡಾಕ್ಟರು

ದೇಸಾಯಿ ಡಾಕ್ಟರು ಕೂತು ಚಹಾ ಕುಡಿದದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ, ಅದೂ ಮರುಭೂಮಿಯಲ್ಲಿ. ಉಳಿದಂತೆ ಅವರ ಚಹಾ, ತಿಂಡಿ, ಹರಟೆ ಎಲ್ಲವೂ ನಿಂತೇ. ಬ್ರೂಮ್‌ಹಿಲ್ ಬಡಾವಣೆಯ ನಮ್ಮ ಮನೆಗೆ ಬಂದರೆ ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಕಾರಿನ ಕೀಲಿ. "ಕೂತ್ಕೊಳ್ಳಿ ಡಾಕ್ಟ್ರೇ" ಎಂದರೆ, "ಕೂತ್ರ ಮತ್ತ ಏಳಬೇಕಾಗ್ತದ ತಮ್ಮಾ, ಅದ ತ್ರಾಸು" ಎನ್ನುವರು. ಧಾರವಾಡದಿಂದ ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು, ಜೀಪಿ ಎಂಬ ಫ್ಯಾಮಿಲಿ ಡಾಕ್ಟರಾಗಿ ಇಲ್ಲಿಯ ಒಂದಿಡೀ ತಲೆಮಾರಿನ ಕೆಮ್ಮು ಕೇಳಿದವರು. ಮೈಸೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದ ನನ್ನ ಕೈಗೆ ಗಾಲ್ಫ್ ಕೋಲು ಕೊಟ್ಟವರೂ ಅವರೇ.

ಗಾಲ್ಫ್ ಪುರುಸೊತ್ತಿನವರ ಆಟ ಎಂದು ನಾನು ನಂಬಿದ್ದೆ. ಡಾಕ್ಟರು ಆ ಭ್ರಮೆ ಬಿಡಿಸಿದರು. ಚೆಂಡು ನೆಲಕ್ಕೆ ಬೀಳುವ ಮೊದಲೇ ಅವರು ಅರ್ಧ ದಾರಿ ನಡೆದಿರುತ್ತಿದ್ದರು. ಓಡುವ ಚೆಂಡನ್ನು ಮಾತ್ರ ಗದರುವರು: "ನಿಂದ್ರಲೇ, ಎಲ್ಲಿಗೆ ಹೊಂಟೀ?" ಹದಿನೆಂಟು ಹೋಲಿನ ಆಟದಲ್ಲಿ ಹದಿನಾಲ್ಕು ಮುಗಿದ ಕೂಡಲೇ, ಗೆಲ್ಲುತ್ತಿರಲಿ ಸೋಲುತ್ತಿರಲಿ, "ಆತು, ನಾ ಹೊಂಟೆ" ಎಂದು ಚೀಲ ಹೊತ್ತು ಕಾರ್‌ಪಾರ್ಕಿನ ಕಡೆ ನಡೆದುಬಿಡುವರು. ಇದೆಂಥ ಮನುಷ್ಯ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದರೋ ಏನೋ ಎಂದು ನನಗೆ ಸಿಟ್ಟು ಬರುತ್ತಿತ್ತು.

ಸಿಟ್ಟು ಇಳಿದದ್ದು ಒಂದು ಜನವರಿಯಲ್ಲಿ. ಕರಗಿದ ಹಿಮದ ರಾಡಿಯಲ್ಲಿ ಅವರ ಹೆಂಡತಿ ವತ್ಸಲಕ್ಕ ಮನೆಯ ಚಪ್ಪಲಿಯಲ್ಲೇ ಬಸ್ ಸ್ಟಾಪಿನಲ್ಲಿ ನಿಂತಿದ್ದರು. ನನ್ನನ್ನು ಕಂಡು, "ಇವರು ಬಂದ್ರೇನು?" ಎಂದರು. ನಾನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಡಾಕ್ಟರು ಏದುಸಿರು ಬಿಡುತ್ತ ಓಡಿಬಂದರು. "ಬಂದೆ, ಬಂದೆನಲ್ಲ" ಎಂದು ತಮ್ಮ ಕೋಟು ಬಿಚ್ಚಿ ಅವರಿಗೆ ಹೊದಿಸಿದರು. ಅಕ್ಕನ ನೆನಪು ಸೋರಿಹೋಗತೊಡಗಿ ಎರಡು ವರ್ಷವಾಗಿತ್ತಂತೆ. ಹಗಲು ನೋಡಿಕೊಳ್ಳುವ ಹೆಂಗಸು ನಾಲ್ಕು ಗಂಟೆಗೆ ಹೊರಟರೆ, ಅಕ್ಕ ಕಿಟಕಿಗೆ ಆತುಕೊಂಡು ಗಂಡನನ್ನು ಕೇಳತೊಡಗುವರು. ಬರುವುದು ತಡವಾದರೆ ಹುಡುಕಿಕೊಂಡು ಹೊರಡುವರು. ಹದಿನೈದನೇ ಹೋಲಿಗೆ ಡಾಕ್ಟರಲ್ಲಿ ಹೊತ್ತಿರಲಿಲ್ಲ.

ಅವರು ನಿವೃತ್ತರಾದಾಗ ಮಗಳು ನೇಹಾ ಕೊಲ್ಲಿಯ ಕಡೆಯ ಒಂದು ಮರುಭೂಮಿ ರೆಸಾರ್ಟಿನಲ್ಲಿ ನಾಲ್ಕು ದಿನದ ಗಾಲ್ಫ್ ಉಡುಗೊರೆ ಕೊಟ್ಟಳು. ಆ ಕೋರ್ಸನ್ನು ಡಾಕ್ಟರು ಟಿವಿಯಲ್ಲಿ ನೋಡಿ ನೋಡಿ ಬಾಯಿ ಚಪ್ಪರಿಸುತ್ತಿದ್ದರು. ಆದರೂ ಒಲ್ಲೆನೆಂದರು. ಅಮ್ಮನ ಜೊತೆ ತಾನಿರುತ್ತೇನೆಂದು ನೇಹಾ ನಾಟಿಂಗ್‌ಹ್ಯಾಮ್‌ನಿಂದ ರಜೆ ಹಾಕಿ ಬಂದಳು. ಅಪ್ಪನನ್ನು ಕರೆದೊಯ್ಯುವ ಹೊಣೆ ನನ್ನ ಕೊರಳಿಗೆ ಬಿತ್ತು.

ಮರುಭೂಮಿಗೆ ಅವರು ತಂದದ್ದು ದೊಡ್ಡ ಛತ್ರಿ ಮತ್ತು ಮಳೆಯ ಪ್ಯಾಂಟು. "ಶೆಫೀಲ್ಡಿನವ ಛತ್ರಿ ಬಿಟ್ಟು ಹೊರಗ ಬೀಳಬಾರದು" ಎಂದು ಸಮರ್ಥನೆ ಬೇರೆ. ಛತ್ರಿಯಾದರೂ ಬಿಸಿಲಿಗಾಯಿತು, ಕೈ ಮಾತ್ರ ಮೋಸ ಮಾಡಿತು. ನಮ್ಮೂರಿನ ಒದ್ದೆ ಹುಲ್ಲಿನಲ್ಲಿ ಚೆಂಡು ಬಿದ್ದಲ್ಲೇ ಹೂತುಕೊಳ್ಳುತ್ತದೆ, ಹಾಗಾಗಿ ಜೋರಾಗಿ ಹೊಡೆದೇ ನಮಗೆ ಅಭ್ಯಾಸ. ಅಲ್ಲಿ ನೆಲವೆಲ್ಲ ಕಾದ ಹಂಚು. ಕುಳಿಯ ಸುತ್ತಲಿನ ಹಸಿರಿನ ಮೇಲೆ ಬಿದ್ದ ಚೆಂಡು ಪುಟಿದು, ಉರುಳಿ, ಆಚೆಯ ಕಲ್ಲುಮರಳಿಗೆ ಇಳಿದುಬಿಡುತ್ತಿತ್ತು. ಮೂರು ದಿನ ಡಾಕ್ಟರು "ನಿಂದ್ರಲೇ, ನಿಂದ್ರಲೇ" ಎಂದು ಕೂಗಿದ್ದೇ ಬಂತು. ಒಂದೂ ಚೆಂಡು ಮಾತು ಕೇಳಲಿಲ್ಲ. ಹದಿನಾಲ್ಕು ಮುಗಿದೊಡನೆ ಅಲ್ಲಿಯೂ ಆಟ ಬಿಟ್ಟು, ನೇಹಾಗೆ ಫೋನು ಮಾಡಲು ಕೋಣೆಗೆ ಧಾವಿಸುವರು. ಅವಳು, "ಆಲ್ ಗುಡ್ ಅಪ್ಪಾ" ಎಂದಷ್ಟೇ ಹೇಳಿ ಇಡುತ್ತಿದ್ದಳು. ಅದು ಅವರಿಗೆ ಸಾಲುತ್ತಿರಲಿಲ್ಲ. ಊಟಕ್ಕೆ ಬಂದರೂ ಮುಳ್ಳಿನ ಮೇಲೆ ನಿಂತಂತೆ ನಿಂತು, ತಟ್ಟೆ ಬದಿಗಿಟ್ಟು ಹೋಗುವರು.

ಕೊನೆಯ ದಿನ ನಾನು ಹಟ ಹಿಡಿದು ಹದಿನೆಂಟನೆಯದಕ್ಕೆ ಎಳೆದೊಯ್ದೆ. ಟಿವಿಯಲ್ಲಿ ಅವರು ಕಣ್ಣು ನೆಟ್ಟಿದ್ದ ಹೋಲು ಅದೇ. ಈ ದಂಡೆಯಲ್ಲಿ ನಾವು, ಆ ದಂಡೆಯಲ್ಲಿ ಅಂಗೈಯಷ್ಟು ಹಸಿರು, ನಡುವೆ ಬರೀ ಕಲ್ಲಿನ ಕಣಿವೆ. ಅವರು ಕೋಲು ಹಿಡಿದು ನಿಂತಾಗ ಫೋನು ಬಂತು. ಗಾಳಿಯ ಸದ್ದಿಗೆ ಸ್ಪೀಕರ್ ಹಾಕಿದರು.

"ಗುಡ್ ನ್ಯೂಸ್ ಅಪ್ಪಾ. ಅಮ್ಮ ಈಸ್ ಸೋ ಕಾಮ್. ಚೆನ್ನಾಗಿ ನಿದ್ದೆ ಮಾಡ್ತಾಳೆ."

"ನನ್ನ ಕೇಳಿದಳೇನು?"

"ನೋ ಅಪ್ಪಾ. ನಾಟ್ ಒನ್ಸ್. ನಾಲ್ಕು ದಿನದಿಂದ. ಸೋ ಯೂ ರಿಲ್ಯಾಕ್ಸ್."

ಪಾಪ, ಆ ಹುಡುಗಿ ಸಂತೋಷದಿಂದಲೇ ಹೇಳಿದ್ದು. ಡಾಕ್ಟರು ಫೋನು ಜೇಬಿಗಿಟ್ಟು ಹೊಡೆದರು. ಚೆಂಡು ಕಣಿವೆ ದಾಟಿ ಹಸಿರಿನ ಮೇಲೆ ಬಿದ್ದು, ಎರಡು ಸಲ ಪುಟಿದು ನಿಂತಿತು. ನಾನು ಕುಣಿದಾಡಿದೆ. ಅವರು ಅತ್ತ ನೋಡಲೂ ಇಲ್ಲ. ಆಟ ಮುಗಿಸಿ ಕ್ಲಬ್ಬಿನ ಜಗಲಿಗೆ ಬಂದು ಕುರ್ಚಿ ಎಳೆದು ಕೂತರು. ಚಹಾ ಬಂತು. ಕಪ್ಪು ಬರಿದಾದರೂ ಏಳಲಿಲ್ಲ. ಆ ಮನುಷ್ಯ ಒಮ್ಮೆ ಕೂತರೆ ಸಾಕೆಂದು ಎಷ್ಟೋ ಸಲ ಅಂದುಕೊಂಡಿದ್ದ ನನಗೆ ಅವರು ಕೂತದ್ದನ್ನು ನೋಡಲಾಗಲಿಲ್ಲ.

ಊರಿಗೆ ಮರಳಿದ ಮೇಲೂ ವತ್ಸಲಕ್ಕ ಕೇಳಲಿಲ್ಲ. ಕಿಟಕಿಯ ಹತ್ತಿರ ಹೋಗುವುದೂ ನಿಂತಿತು. ಇನ್ನಾದರೂ ಡಾಕ್ಟರು ಹದಿನೆಂಟೂ ಆಡುತ್ತಾರೆಂದು ನಾನು ತಿಳಿದೆ. ಅವರು ಮಾತ್ರ ಎಂದಿನಂತೆ ಹದಿನಾಲ್ಕಕ್ಕೇ ಚೀಲ ಹೊತ್ತರು. ನೇಹಾಳ ಮನೆಯ ಹತ್ತಿರಕ್ಕೆಂದು ಅವರಿಬ್ಬರೂ ನಾಟಿಂಗ್‌ಹ್ಯಾಮ್‌ಗೆ ಮನೆ ಬದಲಿಸುವ ಮುಂಚಿನ ವಾರ, ಕಾರ್‌ಪಾರ್ಕಿನಲ್ಲಿ ಕೇಳಿಯೇಬಿಟ್ಟೆ: "ಈಗೇನು ಅವಸರ ಡಾಕ್ಟ್ರೇ?"

ಫ್ಲಾಸ್ಕಿನ ಚಹಾವನ್ನು ನಿಂತೇ ಮುಗಿಸಿ ಅವರು ಹೇಳಿದರು: "ಆಕಿ ಕೇಳೂದು ಬಿಟ್ಟಾಳ ತಮ್ಮಾ. ಇನ್ನ ನಾನರ ಹೋಗಿ ಕೇಳಬೇಕಲ್ಲ."

ಈಗ ನಾನು ಒಬ್ಬನೇ ಆಡುತ್ತೇನೆ. ಹದಿನಾಲ್ಕು ಮುಗಿಯುತ್ತಿದ್ದಂತೆ ಒಳಗೆ ಏನೋ ಚಡಪಡಿಕೆ ಶುರುವಾಗಿ, ಆಟ ಅಲ್ಲಿಗೇ ಬಿಟ್ಟು ಮನೆಗೆ ಬರುತ್ತೇನೆ. ಬಾಗಿಲು ತೆರೆದ ಹೆಂಡತಿ, "ಏನ್ರೀ, ಇಷ್ಟು ಬೇಗ?" ಎನ್ನುತ್ತಾಳೆ. ಸದ್ಯ, ಕೇಳುತ್ತಾಳೆ.