ಗಾಡಿಯ ಕೆಳಗೊಂದು ಗಾಲಿ

ಹನ್ನೊಂದು ಗಂಟೆ ಏಳು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ, ಆಗ ನನ್ನ ಕೈಯಲ್ಲಿ ಮೊಬೈಲ್ ಇತ್ತು. ಅದರ ಬೆಳಕನ್ನು ಕಾರಿನ ಕೆಳಗೆ ಬಿಡುತ್ತಿದ್ದೆ. ಇವತ್ತು ಉತ್ತರಪತ್ರಿಕೆಗಳ ಮೇಲಿಟ್ಟ ಅರ್ಧಚಂದ್ರದಂಥ ಲೋಹದ ತುಣುಕು ಬೆರಳಿಗೆ ತಾಗಿ, ಆ ಭಾನುವಾರ ಮತ್ತೆ ಎದುರು ನಿಂತಿತು. ಬಲು ಹಗುರ ಅದು. ಫ್ಯಾನ್ ಹಾಕಿದರೆ ಹಾಳೆಗಳು ಹಾರಿಯೇ ಹಾರುತ್ತವೆ. ಆದರೂ ಬದಲಿಸಿಲ್ಲ.

ನೀವು ನಗಬಹುದು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು, ರಂಗಂಪೇಟೆಯ ಗಲ್ಲಿಗೆ ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದೆ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಶಹಾಪುರಕ್ಕೆ ಹೊರಟರೆ ರಸ್ತೆಯ ಪ್ರತಿ ಹಂಪಿನ ಮುಂದೂ ಇಳಿದು ಬಗ್ಗಿ ನೋಡಬೇಕು. ಅಷ್ಟರಲ್ಲಿ ಟ್ರ್ಯಾಕ್ಟರಿನವರು ಹಾರ್ನ್ ಹೊಡೆದು ಮುಂದೆ ಹೋಗಿರುತ್ತಿದ್ದರು. ಒಂದು ದಿನ ಎಂಜಿನ್ ಒಳಗಿನಿಂದ ಟಕಟಕ ಎನ್ನತೊಡಗಿತು. ಪಕ್ಕದ ಮನೆಯ ಲಾಲಸಾಬ್ ಚಾಚಾ ಆಯುಷ್ಯವೆಲ್ಲ ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ಗೋಡೆಯಾಚೆಯಿಂದಲೇ ರೋಗ ಹೇಳಿದರು:

"ಮಾಸ್ತರ, ಬೇರಿಂಗ್ ಸವದದ ನೋಡ್ರಿ. ಹಿಂಗೇ ಓಡಿಸಿದ್ರ ಎಂಜಿನ್ ಹೋಗ್ತದ."

ಎಂಜಿನ್ ಇಳಿಸದೆ, ಅಡಿಯಿಂದಲೇ ಬದಲಿಸಬಹುದಿತ್ತು. ಕಾರನ್ನು ಎತ್ತಿ ನಿಲ್ಲಿಸಲು ಮರದ ದಿಮ್ಮಿಗಳು ಬೇಕು. ಚಾಚಾನವು ಗೋಗಿ ಊರಿನಲ್ಲಿ ಅಳಿಯನ ಮನೆಯಲ್ಲಿದ್ದವು. ತರಿಸೋಣ ಎಂದರು. ನನಗೆ ತಾಳ್ಮೆಯಿರಲಿಲ್ಲ. ನಮ್ಮ ಸೀಮೆಯಲ್ಲಿ ಅಡುಗೆ ಕಟ್ಟೆಯಿಂದ ಬಚ್ಚಲಿನವರೆಗೆ ಎಲ್ಲವೂ ಫರಸಿ ಕಲ್ಲೇ, ತೆಳ್ಳನೆಯ ಹಾಸುಗಲ್ಲು. ಮನೆ ಕಟ್ಟಿ ಉಳಿದ ಫರಸಿಗಳು ಅಂಗಳದಲ್ಲೇ ಇದ್ದವು, ಒಂದರ ಮೇಲೊಂದು ಪೇರಿಸಿದೆ. ಚಾಚಾ ಅನುಮಾನಿಸಿದಾಗ, ಕಾರಿನ ಭಾರವನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಓದಿದವನ ಮಾತಿಗೆ ಅವರು ಸುಮ್ಮನಾದರು. ಆದರೆ ಮುಂದಿನಿಂದ ಬಿಚ್ಚಿದ ಎರಡೂ ಗಾಲಿಗಳನ್ನು ಕಾರಿನ ಎರಡು ಬದಿಗೆ, ಅಡಿಯಲ್ಲಿ ಮಲಗಿಸಿದರು. ಆಮೇಲೆ ತಾವು ಒಳಗೆ ತೂರಿದರು.

ಹಳೆಯ ಬೇರಿಂಗ್ ಹೊರಬಂತು, ಹೊಸದು ಕೂತಿತು. ನನ್ನ ಬದಿಯ ಗಾಲಿ ಮೊಬೈಲಿನ ಬೆಳಕಿಗೆ ಅಡ್ಡವಾಗುತ್ತಿತ್ತು. ಎಳೆದುಬಿಡಲೇ ಎಂದು ಕೇಳುತ್ತಲೇ ಅದಕ್ಕೆ ಕೈ ಹಾಕಿದೆ.

"ಇರ್ಲಿ ಬಿಡ್ರಿ. ಬಿಚ್ಚಿದ ಗಾಲಿ ಗಾಡಿ ಕೆಳಗೇ ಇರಬೇಕು. ನಮ್ಮ ಉಸ್ತಾದರು ಕಲಿಸಿದ್ದು."

ಕೈ ತೆಗೆದೆ. ಅವರು ಬೋಲ್ಟ್ ಬಿಗಿಯಲು ಪಾನಾ ಜಗ್ಗಿದರು. ಕಾರು ಸ್ವಲ್ಪ ಅಲುಗಿತು, ಫರಸಿ ಸ್ಲೇಟಿನ ಹಾಗೆ ಬಿರಿಯಿತು, ಕಾರು ಕೆಳಗೆ ಕೂತಿತು.

ಧೂಳು. ಮೊಬೈಲಿನಲ್ಲಿ ಹನ್ನೊಂದು ಗಂಟೆ ಏಳು ನಿಮಿಷ. ಚಾಚಾನ ಎರಡು ಕಾಲು ಮಾತ್ರ ಹೊರಗೆ. ಮಂಡಿಯೂರಿ ಬಗ್ಗಿ ನೋಡಿದೆ. ಕಾರು ಆ ಮಲಗಿಸಿದ ಗಾಲಿಗಳ ಮೇಲೆ ನಿಂತಿತ್ತು. ಅವರ ಎದೆಗೂ ಎಂಜಿನ್ನಿಗೂ ನಡುವೆ ನಾಲ್ಕು ಬೆರಳು ಜಾಗ.

"ಮಾಸ್ತರ," ಒಳಗಿನಿಂದ ಮೆಲ್ಲಗೆ ದನಿ ಬಂತು, "ನಿಮ್ಮ ಲೆಕ್ಕದಾಗ ಎಲ್ಲೋ ತಪ್ಪಾಗ್ಯಾದ."

ಜ್ಯಾಕ್ ಹಾಕಿ ಹೊರಗೆಳೆದೆ. ಅವರು ಚಹಾ ಕುಡಿದು ನಕ್ಕರು. ನನಗೆ ಮಾತ್ರ ರಾತ್ರಿ ಕಣ್ಣು ಮುಚ್ಚಿದರೆ ಆ ಬಿರಿದ ಸದ್ದು. ಅದಕ್ಕಿಂತ ಹೆಚ್ಚಾಗಿ, ಗಾಲಿಯ ಮೇಲಿದ್ದ ನನ್ನ ಕೈ. ಚಾಚಾನೂ ನಡುರಾತ್ರಿ ಎದ್ದು ಕೂರುತ್ತಾರೆಂದು ಮೂರನೆಯ ದಿನ ಚಾಚಿಯಿಂದ ತಿಳಿಯಿತು. ಗಂಡಸರಿಬ್ಬರೂ ಬೆಳಗಾದರೆ ಮುಖ ತೊಳೆದು, ಚೆನ್ನಾಗಿ ನಿದ್ದೆ ಬಂತೆಂದು ಪರಸ್ಪರ ಸುಳ್ಳು ಹೇಳುತ್ತಿದ್ದೆವು.

ಗೋಗಿಯಿಂದ ದಿಮ್ಮಿಗಳು ಬಂದವು. ಮುಂದಿನ ಭಾನುವಾರ ಕೆಲಸ ಮುಗಿಯಿತು. ಗಾಲಿಗಳನ್ನು ಅಡಿಗೆ ತಳ್ಳಿದವನು ಈ ಸಲ ನಾನೇ. ಎಂಜಿನ್ನಿನಲ್ಲಿ ಟಕಟಕ ಇರಲಿಲ್ಲ. ಸವೆದ ಬೇರಿಂಗಿನ ಅರ್ಧಚಂದ್ರದ ತುಣುಕನ್ನು ಒರೆಸಿ ನನ್ನ ಕೈಗಿಟ್ಟ ಚಾಚಾ ಪಕ್ಕದ ಸೀಟಿನಲ್ಲಿ ಕೂತರು. ಕೆಂಭಾವಿಯವರೆಗೆ ಹೋಗಿ ಬಂದೆವು. ಪ್ರತಿ ಹಂಪಿಗೂ ಇಳಿದು ನೋಡಿದವರು ಅವರೇ.

ಮರುದಿನ ಬೆಳಿಗ್ಗೆ ಚಾಚಿ ಗೋಡೆಯಾಚೆಯಿಂದ ಹೇಳಿದರು: "ರಾತ್ರಿ ನಿಮ್ಮ ಚಾಚಾ ಮಗ್ಗಲ ಸೈತ ಬದಲಿಸಿಲ್ರಿ."

ಆಗ ಕಾಲೇಜಿನಲ್ಲಿ ನನ್ನ ಮೊದಲ ಕ್ಲಾಸಿನ ಹೊತ್ತು ಮುಗಿಯುತ್ತ ಬಂದಿತ್ತು. ನಾನು ಆಗಷ್ಟೇ ಎದ್ದು ಹಲ್ಲುಜ್ಜುತ್ತಿದ್ದೆ.