ನಾಟಕದ ಕೊನೆಯ ಮಾತು

ತೀರಿಕೊಂಡ ನಾಟಕಕಾರರೊಬ್ಬರ ಕೃತಿಗಳನ್ನು ಉಳಿಸಲು ಬಸವಕಲ್ಯಾಣದಲ್ಲಿ ನಾವು ಸಂಘ ಕಟ್ಟಿದ್ದೆವು. ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತ ಅವರು ಕನ್ನಡ ನಾಟಕವನ್ನೂ ಉರ್ದು ಅಕ್ಷರಗಳಲ್ಲೇ ಬರೆದಿದ್ದರು. ಹುಮನಾಬಾದಿನ ಮುದಿ ಮಾಸ್ತರರು ಓದುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಮನೆಬಿಟ್ಟ ಮಗ ಮರಳಿದಾಗ ತಾಯಿ ಆಡುವ ಕೊನೆಯ ಮಾತಿಗೆ ಮಾಸ್ತರರು ತಡೆದರು.

"ಇದು 'ಕೊಡು'ನೂ ಆಗ್ತದ, 'ಕೂಡು'ನೂ ಆಗ್ತದ್ರಿ. ಉರ್ದುದಾಗ ಎರಡಕ್ಕೂ ಬರವಣಿಗಿ ಒಂದೇ."

ಮಗನ ಮುಂದೆ ಕೈಯೊಡ್ಡುವ ತಾಯಿಯೋ, ಕೂತುಕೋ ಎನ್ನುವ ತಾಯಿಯೋ? ವಾರಗಟ್ಟಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಡೆಗೆ ಬಸ್ಸು ಹತ್ತಿ ಮಂಠಾಳಕ್ಕೆ ಹೋಗಿ ನಾಟಕಕಾರರ ಹೆಂಡತಿಯನ್ನು ಕೇಳಿದೆ.

"ನನಗೇನ್ ಗೊತ್ರಿ? ನನ್ನ ಮುಂದ ಎಂದೂ ಓದಿಲ್ಲ," ಎಂದ ಆಕೆ ಚಾಪೆ ಹಾಸಿದರು. "ನಿಂತೇ ಯಾಕಿದ್ದೀರಿ? ಕೂಡ್ರಿ."

'ಕೂಡು' ಎಂದೇ ಅಚ್ಚು ಹಾಕಿಸಿದೆ. ಅದು ಸರಿಯೋ ತಪ್ಪೋ, ಇಂದಿಗೂ ಗೊತ್ತಿಲ್ಲ.