ಯಮನೂರಣ್ಣನ ಹಸಿ ಟವೆಲ್

ನಮ್ಮ ಯಮನೂರಣ್ಣನ ಎಡ ಹೆಗಲು ಯಾವಾಗಲೂ ಹಸಿ. ಮೀನು ಹಿಡಿಯುವ ಸ್ಪರ್ಧೆಯ ಹಿಂದಿನ ದಿನವೂ ಹಸಿರು ಟವೆಲನ್ನು ಬಕೆಟಿನಲ್ಲಿ ಅದ್ದಿ, ಹೆಗಲ ಮೇಲೆ ಹಾಕಿಕೊಂಡೇ ಊಟಕ್ಕೆ ಕೂತಿದ್ದ.

"ಮೀನಿಗೆ ಮಾಡೂ ಜ್ವಾಕಿ ಹೆಂಡ್ತಿಗೆ ಮಾಡಿದ್ರ ನಾ ಹಿಂಗ ಸೊರಗ್ತಿದ್ದಿಲ್ಲ" ಎಂದು ಅತ್ತಿಗೆ ಕುಟುಕಿದಳು.

"ನೀ ಕೈಯಾಗಿಂದ ಜಾರಂಗಿಲ್ಲಲ್ಲ!" ಅಂದ ಅಣ್ಣ. ಅತ್ತಿಗೆ ನಗುತ್ತಲೇ ಇನ್ನೊಂದು ರೊಟ್ಟಿ ಹಾಕಿದಳು.

ಬಾಗಲಕೋಟೆಯ ಹಿನ್ನೀರಿನಲ್ಲಿ ಬಲೆ ಹಾಕಿ ಬದುಕುವವರು ನಾವು. ವರ್ಷಕ್ಕೊಮ್ಮೆ ಪಟ್ಟಣದವರು ಗಾಳ ಹಿಡಿದು ಸ್ಪರ್ಧೆಗೆ ಬರುತ್ತಾರೆ. ಅವರಿಗೆ ಬೇಕಾದದ್ದು ಬಾಳೆಮೀನು. ಅದರ ಹಲ್ಲು ನೋಡಿ ಹೊಳೆಯ ಶಾರ್ಕ್ ಅನ್ನುತ್ತಾರೆ. ಈಗ ಅದು ಅಪರೂಪ, ಅದಕ್ಕೇ ಅಳೆದು ಬಿಟ್ಟುಬಿಡಬೇಕು. ನೀರಿನಿಂದ ಮೇಲೆತ್ತಬಾರದು. ಈಜಿ ಹೋದರೆ ಮಾತ್ರ ಲೆಕ್ಕ. ಬಿಡುವ ಕೆಲಸ ಅಣ್ಣನದು. ಒಣ ಕೈ ತಾಗಿದರೆ ಮೀನಿನ ಮೈಯ ಲೋಳೆ ಹೋಗುತ್ತದೆಂದು ಹಸಿ ಟವೆಲಿನಲ್ಲಿ ಹಿಡಿದು, ಅದು ತಾನಾಗಿ ಬಾಲ ಬಡಿಯುವ ತನಕ ನೀರಲ್ಲೇ ಕಾಯುತ್ತಿದ್ದ.

"ತಿನ್ನೂದಾದ್ರ ತಿನ್ರಿ, ಬಿಡೂದಾದ್ರ ಜೀವಂತ ಬಿಡ್ರಿ. ನಡುವ ನಾಟಕ ಬ್ಯಾಡ" ಎಂದು ಅವರಿಗೆ ಮುಖದ ಮೇಲೇ ಹೇಳುವವನು.

ಆ ಸಲ ಒಬ್ಬ ಸಾಹೇಬ ದೊಡ್ಡ ಬಾಳೆಮೀನನ್ನು ಎದೆಗೆತ್ತಿ ಫೋಟೋ ತೆಗೆಸಿಕೊಂಡ. ಅಣ್ಣ ಬೇಡವೆಂದರೂ ಇಳಿಸಲಿಲ್ಲ. ಇಳಿಸಿದಾಗ ಮೀನು ಹೊಟ್ಟೆ ಮೇಲೆ ಮಾಡಿತು.

"ಒಳಗ ಒಯ್ಯೋ! ಹೆಂಗಾರ ಬದುಕಿಸು!" ಎಂದು ಸಾಹೇಬನೇ ಕೂಗಿದ.

ಅಣ್ಣ ಮೀನನ್ನು ಅಪ್ಪಿಕೊಂಡು ಎದೆಮಟ್ಟದ ನೀರು ದಾಟಿ ಹೋದ. ಕೆಳಗೆ ಮುಳುಗಿದ ಊರಿನ ಗೋಡೆಗಳಿದ್ದವು. ಒಂದು ಗೋಡೆ ಕುಸಿಯಿತು, ಅಣ್ಣ ಕಲ್ಲುಗಳ ನಡುವೆ ಸಿಕ್ಕಿಬಿದ್ದ. ಮೀನು ಈಜಿ ಹೋಯಿತು; ಮೇಲೆತ್ತಿದ್ದನ್ನು ಯಾರೂ ಕೇಳಲಿಲ್ಲ, ಲೆಕ್ಕಕ್ಕೆ ಬಂತು. ಅಣ್ಣ ಮೇಲೆ ಬರಲಿಲ್ಲ.

ಕುಡಿದು ನೀರಿಗಿಳಿದಿದ್ದ ಎಂದು ಸಾಹೇಬ ಎಲ್ಲರಿಗೂ ಹೇಳಿದ. ಅಣ್ಣ ಆ ಮುಂಜಾನೆ ಚಹಾ ಸಹ ಕುಡಿದಿರಲಿಲ್ಲ.

ಈ ವರ್ಷ ಅವನ ಕೆಲಸವನ್ನು ನಾನೇ ಕೇಳಿ ಪಡೆದೆ. ದಂಡೆಗೆ ತೇಲಿಬಂದಿದ್ದ ಅದೇ ಟವೆಲನ್ನು ನೆನೆಸಿ ಹೆಗಲಿಗೆ ಹಾಕಿಕೊಂಡು, ಆ ಸಾಹೇಬ ಬರಲಿ ಅಂತಲೇ ನೀರಲ್ಲಿ ನಿಂತೆ. ಬಂದ. ಮತ್ತೆ ಬಾಳೆಮೀನು, ಮತ್ತೆ ಎದೆಗೆತ್ತಿದ. ನಾನು ಕಸಿದುಕೊಂಡು ನೀರಿಗಿಟ್ಟೆ. ಬಾಲ ಬಡಿದು ಹೋಯಿತು.

"ಇದು ಲೆಕ್ಕಕ್ಕಿಲ್ರಿ ಸಾಹೇಬ್ರ. ಮ್ಯಾಲೆತ್ತಿದ್ರಿ."

"ಒಂದು ಫೋಟೋ ತಗೊಂಡ್ರ ಏನಾತವಾ?"

"ಹೋದ ವರ್ಷಾನೂ ಒಂದ ಫೋಟೋ ಇತ್ರಿ."

ಆಗ ಅವನು ಟವೆಲ್ ನೋಡಿದ. ಅವನ ಮುಖ ಕಪ್ಪಿಟ್ಟಿತು. ನನಗೆ ಹಿತವೆನಿಸಿತು, ಸುಳ್ಳು ಯಾಕೆ ಹೇಳಲಿ?

"ನಮ್ಮಣ್ಣ ಕುಡದಿದ್ದಿಲ್ಲ ಅಂತ ಎಲ್ಲಾರ ಮುಂದ ಹೇಳ್ರಿ. ಆಮ್ಯಾಲೆ ಗಾಳ ಹಾಕ್ರಿ."

ಗಾಳ ಸುತ್ತಿಕೊಂಡು ಕಾರು ಹತ್ತಿದ. ಮುಂದಿನ ವರ್ಷ ಬಂದರೂ ಅಲ್ಲೇ ನಿಂತಿರುತ್ತೇನೆ.

ಅಣ್ಣ ಕುಡಿದಿರಲಿಲ್ಲ ಎಂದು ಅವನು ಇನ್ನೂ ಹೇಳಿಲ್ಲ.